ದಿಗ್ವ್ರತವೂ ಮರುಭೂಮಿಯ ಕಮರಿಗಳೂ

ಅಮೆರಿಕದ ಪಶ್ಚಿಮ ಭಾಗದಲ್ಲಿ ಪ್ರವಾಸಿಗರಿಗೆ ಬಹು ಪ್ರಿಯವಾದ ಒಂದು ಹಾದಿಯಿದೆ. ಲಾಸ್ ಏಂಜಲಿಸ್ ನಗರದಿಂದ ಪೂರ್ವಕ್ಕೆ ಹೊರಟು ಮೊಹಾವಿ ಮರುಭೂಮಿಯನ್ನು ದಾಟಿ, ನೀಡಲ್ಸ್ ಎಂಬ ಸಣ್ಣ ಊರಿನಾಚೆ ಕೊಲರಾಡೊ ನದಿಯ ಸೇತುವೆಯನ್ನು ಹಾಯ್ದರೆ ಆರಿಜೋನ ರಾಜ್ಯ ಬರುತ್ತದೆ. ಮುಂದೆ 446 ಕಿಲೋಮೀಟರ್ ಉದ್ದವೂ ಒಂದು ಮೈಲಿಗೂ ಮಿಕ್ಕ ಆಳವೂ ಇರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿ. ಆಮೇಲೆ ನವಾಹೊ ಜನರ ಸೀಮೆಯಲ್ಲಿ ಒಂಟಿಯಾಗಿ ನಿಂತ ಕೆಂಗಲ್ಲಿನ ಗೋಪುರಗಳು. ಯೂಟಾ ರಾಜ್ಯದ ಮೋಆಬ್ ಊರಿನ ಸುತ್ತ ಗಾಳಿ ನೀರುಗಳು ಕೊರೆದ ಕಲ್ಲಿನ ಕಮಾನುಗಳು. ಕಡೆಗೆ ಕೊಲರಾಡೊ ರಾಜ್ಯದ ಸಾನ್ ವಾನ್ ಪರ್ವತಗಳಲ್ಲಿ 11,018 ಅಡಿ ಎತ್ತರದ ರೆಡ್ ಮೌಂಟನ್ ಘಾಟಿ. ಇಷ್ಟನ್ನೂ ಒಂದು ವಾರದ ರಜೆಯಲ್ಲಿ ಕಾರಿನಲ್ಲಿ ಸುತ್ತಿ ಬರಬಹುದು. ಅಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ತಂದೆತಾಯಿಯರನ್ನು ಇಂಥ ಕಡೆಗೆ ಕರೆದೊಯ್ಯುವುದು ಸಹಜ. ಅದರಲ್ಲಿ ಪ್ರೀತಿಯೂ ಇದೆ, ತಾವು ಬಾಳುತ್ತಿರುವ ನಾಡನ್ನು ಹಿರಿಯರ ಕಣ್ಣಿಗೆ ತೋರಿಸಬೇಕೆಂಬ ಹಂಬಲವೂ ಇದೆ.

ಹೀಗೊಂದು ಕುಟುಂಬವನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳಬಹುದು. ಬೆಳಗಾವಿ ಕಡೆಯ ವೃದ್ಧ ಶ್ರಾವಕಿಯೊಬ್ಬರು ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಬಂದಿದ್ದಾರೆ. ಪತಿವಿಯೋಗದ ಅನಂತರ ಅವರು ಗುರುಗಳ ಸನ್ನಿಧಿಯಲ್ಲಿ ದಿಗ್ವ್ರತವನ್ನು ಸ್ವೀಕರಿಸಿದ್ದರು. ಮಗ ಆಗಲೇ ಹೊರದೇಶದಲ್ಲಿದ್ದುದರಿಂದ ಭಾರತ ದೇಶವನ್ನೂ ಮಗನಿರುವ ಕ್ಯಾಲಿಫೋರ್ನಿಯ ರಾಜ್ಯವನ್ನೂ ತಮ್ಮ ಸಂಚಾರದ ಎಲ್ಲೆಯಾಗಿ ನಿಶ್ಚಯಿಸಿಕೊಂಡಿದ್ದರು. ಮೊಮ್ಮಗ ಭೂಪಟದಲ್ಲಿ ತೋರಿಸಿದ್ದ ಕೊಲರಾಡೊ ನದಿ ಅವರ ಪಾಲಿಗೆ ಆಗ್ನೇಯದ ಗಡಿ. (ಎರಡು ತುಂಡಾದ ಇಂಥ ಕ್ಷೇತ್ರಪ್ರಮಾಣ ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಪಂಡಿತರು ಚರ್ಚಿಸಬಹುದು, ಮಕ್ಕಳು ಹೊರದೇಶದಲ್ಲಿರುವ ಈ ಕಾಲದಲ್ಲಿ ಅದು ಚರ್ಚೆಗೆ ಬರಲೇಬೇಕಾದ ವಿಷಯವೂ ಹೌದು.) ಈಗ ಮಗ ಒಂದು ವಾರದ ಪ್ರವಾಸವನ್ನು ಯೋಜಿಸಿದ್ದಾನೆ, ವಸತಿಗೆ ಹಣವನ್ನೂ ಕಟ್ಟಿದ್ದಾನೆ. ತಾಯಿ, “ನಾ ಹೊಳಿ ದಾಟಂಗಿಲ್ಲಪಾ,” ಎನ್ನುತ್ತಾರೆ. ಮಗನಿಗೆ ಇದು ಅರ್ಥವಾಗದು. ವಿಮಾನದಲ್ಲಿ ಅರ್ಧ ಭೂಮಂಡಲವನ್ನು ದಾಟಿ ಬಂದವರಿಗೆ ಒಂದು ಸೇತುವೆಯಿಂದ ಆಗುವ ದೋಷವೇನು? ಕಲ್ಲು, ಮರಳು, ಆಕಾಶಗಳನ್ನು ನೋಡುವುದರಿಂದ ಯಾವ ಜೀವಕ್ಕೆ ಕೇಡು?

ಮಗನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರವನ್ನು ದಿಗ್ವ್ರತದ ಸ್ವರೂಪದಲ್ಲಿಯೇ ಹುಡುಕಬೇಕು.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳಾದ ಮೇಲೆ ಗುಣವ್ರತಗಳು ಬರುತ್ತವೆ. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ದೂರವೆಂದು ಮಿತಿಯನ್ನು ಹಾಕಿಕೊಂಡು ಬದುಕಿರುವವರೆಗೆ ಅದನ್ನು ಮೀರದಿರುವುದು ಇದರ ಸ್ವರೂಪ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮಿತಿಗೆ ಗುರುತಾಗಿ ಸಮುದ್ರ, ನದಿ, ಅಡವಿ, ಪರ್ವತ, ಜನಪದ ಮತ್ತು ಯೋಜನಗಳನ್ನು ಹೇಳಿದ್ದಾರೆ. ಎಲ್ಲರೂ ಬಲ್ಲ, ಮರೆಯಲಾಗದ ಗುರುತುಗಳಿವು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಮೇಲ್ಮುಖವಾಗಿ ಮಿತಿ ಮೀರುವುದು, ಕೆಳಮುಖವಾಗಿ ಮೀರುವುದು, ಅಡ್ಡಲಾಗಿ ಮೀರುವುದು, ಕ್ಷೇತ್ರವೃದ್ಧಿ, ಮತ್ತು ಹಾಕಿಕೊಂಡ ಮಿತಿಯನ್ನೇ ಮರೆಯುವುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಮೊದಲ ಮೂರಕ್ಕೆ ಕೊಡುವ ನಿದರ್ಶನಗಳು ಪರ್ವತವನ್ನು ಏರುವುದು, ಬಾವಿಗೆ ಇಳಿಯುವುದು, ಬಿಲವನ್ನು ಹೊಗುವುದು.

ಇಂದಿನ ಪ್ರವಾಸದ ಕೈಪಿಡಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಏರಬೇಕಾದ ಘಾಟಿ, ಇಳಿಯಬೇಕಾದ ಕಮರಿ, ನುಸುಳಬೇಕಾದ ಕಲ್ಲಿನ ಸಂದು, ಇವೇ ಆ ಕೈಪಿಡಿಯ ಅಧ್ಯಾಯಗಳು. ಪೂರ್ವಕಾಲದ ಶ್ರಾವಕನಿಗೆ ಬೆಟ್ಟವೂ ಹೊಳೆಯೂ ‘ಇಲ್ಲಿಗೆ ಸಾಕು’ ಎಂದು ಹೇಳುತ್ತಿದ್ದವು. ಈಗ ಅವೇ ‘ಇಲ್ಲಿಗೆ ಬಾ’ ಎನ್ನುತ್ತಿವೆ. ಗಡಿಯಾಗಿದ್ದುದು ಗುರಿಯಾಗಿದೆ.

ಹಾಗೆಂದು ಜೈನಧರ್ಮವು ಪ್ರಯಾಣವನ್ನೇ ನಿಷೇಧಿಸಿತೆಂದು ತಿಳಿಯಬಾರದು. ಮರುಭೂಮಿ, ಘಟ್ಟ, ಕಡಲುಗಳನ್ನು ದಾಟಿ ವ್ಯಾಪಾರ ಮಾಡಿದ ಸಮಾಜ ಇದು. ಸಮ್ಮೇದಗಿರಿಯನ್ನೂ ಗಿರಿನಾರನ್ನೂ ಏರದ ಯಾತ್ರೆಯೇ ಇಲ್ಲ. ಮುನಿಗಳಂತೂ ಚಾತುರ್ಮಾಸ್ಯದ ಹೊರತು ಒಂದೆಡೆ ನಿಲ್ಲುವವರೇ ಅಲ್ಲ. ದಿಗ್ವ್ರತವು ‘ಹೋಗಬೇಡ’ ಎನ್ನುವುದಿಲ್ಲ. ಎಲ್ಲಿಯವರೆಗೆ ಎಂಬುದನ್ನು ಹೊರಡುವ ಮೊದಲೇ ನಿರ್ಧರಿಸು ಎನ್ನುತ್ತದೆ. ಅದಕ್ಕೆ ಸಮಂತಭದ್ರರು ಕೊಡುವ ಕಾರಣ ಅಪೂರ್ವವಾದುದು. ಮಿತಿಯ ಆಚೆಗೆ ಸೂಕ್ಷ್ಮವಾದ ಪಾಪವೂ ನಿಂತುಹೋಗುವುದರಿಂದ ಆ ಪ್ರದೇಶದ ಮಟ್ಟಿಗೆ ಗೃಹಸ್ಥನ ಅಣುವ್ರತಗಳೇ ಮಹಾವ್ರತಗಳ ಸ್ಥಿತಿಗೆ ಏರುತ್ತವೆ ಎಂಬುದು ಅವರ ಅಭಿಪ್ರಾಯ. ಬೆಳಗಾವಿಯ ಆ ತಾಯಿ ಎಂದೂ ಕಾಣದ ಕಮರಿಯ ವಿಷಯದಲ್ಲಿ ಅವರು ಮುನಿಗೆ ಸಮಾನರು. ಅಲ್ಲಿನ ಸಮಸ್ತ ಜೀವರಾಶಿಗೂ ಅವರಿಂದ ಅಭಯದಾನ ಸಂದಿದೆ, ಪಡೆದ ಜೀವಗಳಿಗೆ ಅದು ತಿಳಿಯದಿದ್ದರೂ.

ಆದರೆ ಮಗನ ಇನ್ನೊಂದು ಪ್ರಶ್ನೆ ಉಳಿದೇ ಇದೆ. ಬರಿಯ ಕಲ್ಲು ಮರಳಿನಲ್ಲಿ ಅಭಯ ಪಡೆಯುವ ಜೀವವೆಲ್ಲಿದೆ?

ಯೂಟಾ ಪ್ರಾಂತದ ಮರುಭೂಮಿಯೇ ಇದಕ್ಕೆ ಉತ್ತರ ಹೇಳುತ್ತದೆ. ಮೋಆಬ್ ಊರಿನ ಸುತ್ತಲಿನ ನೆಲವನ್ನು ದೂರದಿಂದ ಕಂಡವರಿಗೆ ಅದು ಬಂಜರು. ಹತ್ತಿರ ಬಾಗಿ ನೋಡಿದರೆ ಪೊದೆಗಳ ನಡುವಣ ಮಣ್ಣಿನ ಮೇಲೆ ಕಪ್ಪಗೆ, ಗಂಟುಗಂಟಾಗಿ, ಬೆರಳೆತ್ತರದ ಸಣ್ಣ ಗೋಪುರಗಳಂತೆ ಎದ್ದ ಒಂದು ಪದರು ಕಾಣುತ್ತದೆ. ಅದು ಜೀವಂತವಾದ ಮಣ್ಣು. ಸಯನೋಬ್ಯಾಕ್ಟೀರಿಯ ಎಂಬ ಅತಿ ಸೂಕ್ಷ್ಮ ಜೀವಿಗಳು, ಹಾವಸೆ, ಶಿಲೀಂಧ್ರ, ಮತ್ತು ನಮ್ಮ ಅಡುಗೆಮನೆಗಳಲ್ಲಿ ಕಲ್ಲುಹೂವೆಂದು ಕರೆಯುವ ಜಾತಿಯ ಜೀವಿಗಳು ಸೇರಿ ಅದನ್ನು ಕಟ್ಟಿವೆ. ಮಳೆ ಬಿದ್ದೊಡನೆ ಸಯನೋಬ್ಯಾಕ್ಟೀರಿಯದ ಎಳೆಗಳು ಎಚ್ಚೆತ್ತು ಮಣ್ಣಿನೊಳಗೆ ಸರಿದಾಡುತ್ತವೆ. ಸರಿದ ದಾರಿಯಲ್ಲಿ ಅಂಟಾದ ಹೊದಿಕೆಯನ್ನು ಬಿಟ್ಟುಹೋಗುತ್ತವೆ. ಮರಳಿನ ಕಣಗಳು ಅದಕ್ಕೆ ಅಂಟಿ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಗಾಳಿಗೆ ನೆಲ ಹಾರಿಹೋಗದಂತೆ ಹಿಡಿದಿರುವುದು ಈ ನೇಯ್ಗೆಯೇ. ಗಾಳಿಯ ಸಾರಜನಕವನ್ನು ಹಿಡಿದು ಗಿಡಗಳಿಗೆ ಆಹಾರವಾಗಿಸುವುದೂ ಇದೇ. ಒಣಗಿದಾಗ ಇದು ಬಹಳ ಪೆಡಸು. ಒಂದು ಹೆಜ್ಜೆ ಬಿದ್ದರೆ ಪುಡಿಯಾಗುತ್ತದೆ. ಮೇಲಿನ ತೆಳು ಪೊರೆ ಮತ್ತೆ ಮೂಡಲು ವರ್ಷಗಳು ಬೇಕು; ಕಲ್ಲುಹೂವು, ಹಾವಸೆಗಳು ಪೂರ್ಣವಾಗಿ ಮರಳಲು ಹಲವಾರು ದಶಕಗಳೇ ಬೇಕು. ಚಿತ್ರ ತೆಗೆಯಲೆಂದು ಹಾದಿ ಬಿಟ್ಟು ಹತ್ತು ಹೆಜ್ಜೆ ಸರಿದ ಪ್ರವಾಸಿ ತನ್ನ ಆಯುಷ್ಯಕ್ಕಿಂತ ದೀರ್ಘವಾದ ಗುರುತನ್ನು ಅಲ್ಲಿ ಬಿಟ್ಟು ಬರಬಲ್ಲನು.

ಇದನ್ನು ಓದಿ ‘ನಮ್ಮವರಿಗೆ ಇದೆಲ್ಲ ಎಂದೋ ತಿಳಿದಿತ್ತು’ ಎಂದು ಬೀಗುವ ಚಪಲವೊಂದು ನಮ್ಮ ಸಮಾಜದಲ್ಲಿದೆ. ಅದು ಬೇಡ. ಆಗಮವು ಪೃಥ್ವೀಕಾಯಿಕ ಜೀವಗಳನ್ನು ಹೇಳಿದೆ. ಪಾಚಿ ಹಾವಸೆಗಳನ್ನು ಅನಂತಕಾಯಗಳ ಸಾಲಿನಲ್ಲಿ ಇರಿಸಿದೆ. ಆದರೆ ಸೂಕ್ಷ್ಮದರ್ಶಕದಿಂದ ಕಂಡುದು ಬೇರೆ ಮಾರ್ಗದ ಅರಿವು. ಎರಡನ್ನೂ ಒಂದೆಂದು ಸಾಧಿಸುವುದರಿಂದ ಧರ್ಮಕ್ಕೆ ಗೌರವ ಹೆಚ್ಚುವುದಿಲ್ಲ. ಗಮನಿಸಬೇಕಾದುದು ಆಚರಣೆಯ ಸಾಮ್ಯವನ್ನು. ಅಲ್ಲಿನ ಉದ್ಯಾನದ ಕಾವಲುಗಾರರು ಬಂದವರಿಗೆಲ್ಲ ಹೇಳುವುದು ಇಷ್ಟು: ಸವೆದ ಹಾದಿಯಲ್ಲಿ ನಡೆಯಿರಿ, ಇಲ್ಲವೆ ಬರಿಯ ಬಂಡೆಯ ಮೇಲೆ, ಒಣಗಿದ ಹಳ್ಳದ ಮರಳಿನಲ್ಲಿ ಕಾಲಿಡಿ. ಜನರೂ ಗಾಡಿಗಳೂ ಓಡಾಡಿ ಪ್ರಾಸುಕವಾದ ಮಾರ್ಗದಲ್ಲಿ, ಹಗಲ ಬೆಳಕಿನಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯಬೇಕೆಂಬುದು ಮುನಿಗಳ ಈರ್ಯಾಸಮಿತಿ. ಆತ್ಮವನ್ನು ಒಪ್ಪದ, ಮೋಕ್ಷದ ಮಾತನ್ನೇ ಎತ್ತದ ಒಬ್ಬ ಕಾವಲುಗಾರ ಅರ್ಧ ಈರ್ಯಾಸಮಿತಿಯನ್ನು ದಿನವೂ ಬೋಧಿಸುತ್ತಿರುವಾಗ, ಅದನ್ನು ಹುಟ್ಟಿನಿಂದ ಕೇಳಿ ಬಂದವರು ಹಗ್ಗದ ಬೇಲಿಯನ್ನು ದಾಟಿ ಚಿತ್ರ ತೆಗೆಸಿಕೊಂಡರೆ ನಾಚಿಕೆಪಡಬೇಕಾದವರು ಯಾರು?

ಕಾಲ್ನಡಿಗೆಯ ಮಾತು ಇದಾಯಿತು. ಕಾರಿನ ಮಾತು ಬೇರೆ. ಗಂಟೆಗೆ 70 ಮೈಲಿಯ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಅಡಿ ಕ್ರಮಿಸುತ್ತದೆ. ನಾಲ್ಕು ಮೊಳದ ನೆಲ ರೆಪ್ಪೆ ಬಡಿಯುವುದರೊಳಗೆ ಹಿಂದಾಗಿರುತ್ತದೆ. ಸಂಜೆಯ ಹೊತ್ತಿಗೆ ಮುಂದಿನ ಗಾಜಿನ ಮೇಲೆ ಒಣಗಿ ಅಂಟಿದ ಹುಳುಗಳು ದಿನದ ಲೆಕ್ಕವನ್ನು ಒಪ್ಪಿಸುತ್ತವೆ. ಮುಸ್ಸಂಜೆಯಲ್ಲಿ ರಸ್ತೆ ದಾಟುವ ಜಿಂಕೆಗಳ ಗತಿಯೂ ಹಲವೊಮ್ಮೆ ಇದೇ. ಇದನ್ನು ಕಂಡು ಮರುಗಿ ಕೆಲಸ ಮಾಡಿದವರೂ ಅಲ್ಲಿದ್ದಾರೆ. ಯೂಟಾದ ಬೀವರ್ ಊರಿನ ಬಳಿ 1975ರಲ್ಲಿಯೇ ಹೆದ್ದಾರಿಯ ಮೇಲೆ ಮೃಗಗಳು ದಾಟುವುದಕ್ಕೆಂದೇ ಒಂದು ಸೇತುವೆಯನ್ನು ಕಟ್ಟಲಾಯಿತು. ಆದರೂ ಚಾಲಕನ ಸ್ಥಾನದಲ್ಲಿ ಕುಳಿತವನಿಗೆ ಈರ್ಯಾಸಮಿತಿ ಅಸಾಧ್ಯವೆಂಬುದನ್ನು ಒಪ್ಪಬೇಕು. ನಡೆಯುವಾಗ ಇಡಲಾಗದ ಎಚ್ಚರವನ್ನು ಹೊರಡುವ ಮೊದಲೇ ಇಡಬೇಕಾಗುತ್ತದೆ. ಎಷ್ಟು ದೂರ, ಯಾವ ಪ್ರಯೋಜನಕ್ಕೆ, ರಾತ್ರಿಯ ಪ್ರಯಾಣ ಬೇಕೇ ಎಂಬ ಪ್ರಶ್ನೆಗಳಲ್ಲಿ ಆ ಎಚ್ಚರ ಇರುತ್ತದೆ. ಕಾಲಿಗಿಂತ ವೇಗವಾದ ವಾಹನ ಬಂದ ಮೇಲೆ ದಿಗ್ವ್ರತ ಹಳೆಯದಾಯಿತೆಂದು ಹೇಳುವವರು ಈ ಅಂಶವನ್ನು ಗಮನಿಸಿದಂತಿಲ್ಲ. ವೇಗ ಹೆಚ್ಚಿದಷ್ಟೂ ಗೃಹಸ್ಥನಿಗೆ ಉಳಿಯುವ ಅಹಿಂಸೆಯ ಸಾಧನ ಮಿತಿಯೊಂದೇ.

ವ್ರತವನ್ನೇ ಸ್ವೀಕರಿಸದವನಿಗೆ ಅತಿಚಾರವೆಲ್ಲಿಂದ ಬರುತ್ತದೆ ಎಂದು ಕೇಳಬಹುದು. ಬರುವುದಿಲ್ಲ, ನಿಜ. ಮಗನಿಗೆ ಸೇತುವೆ ದಾಟಿದ ದೋಷವಿಲ್ಲ. ಆದರೆ ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬ ತತ್ತ್ವವು ವ್ರತಿಗಳಿಗೆ ಮಾತ್ರ ಹೇಳಿದ್ದಲ್ಲ. ಅನರ್ಥದಂಡವನ್ನು ವಿವರಿಸುವಾಗ ಸಮಂತಭದ್ರರು ಪ್ರಮಾದಚರ್ಯೆಯ ಪಟ್ಟಿಯಲ್ಲಿ ಮಣ್ಣು, ನೀರು, ಬೆಂಕಿ, ಗಾಳಿಗಳ ನಿಷ್ಫಲವಾದ ಆರಂಭವನ್ನೂ ಗಿಡಗಳನ್ನು ಸುಮ್ಮನೆ ಕಡಿಯುವುದನ್ನೂ ಹೇಳಿ, ಅವುಗಳ ಜೊತೆಗೆ ವ್ಯರ್ಥವಾಗಿ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ಈ ಕಡೆಯ ಮಾತನ್ನು ಸಾಮಾನ್ಯವಾಗಿ ಓದಿ ಮುಂದೆ ಹೋಗುತ್ತೇವೆ. ರೆಡ್ ಮೌಂಟನ್ ಘಾಟಿಯಲ್ಲಿ ಅದಕ್ಕೆ ಒಂದು ಕಠಿಣವಾದ ವ್ಯಾಖ್ಯಾನವಿದೆ.

1880ರ ದಶಕದಲ್ಲಿ ಗಣಿಗಳ ಅದಿರನ್ನು ಸಾಗಿಸಲು ಆಟೊ ಮಿಯರ್ಸ್ ಎಂಬವರು ಸುಂಕದ ದಾರಿಯಾಗಿ ಕಡಿಸಿದ ಹಾದಿಯೇ ಇಂದಿನ ರಸ್ತೆಗೆ ಮೂಲ. ಸಿಲ್ವರ್ಟನ್ ಮತ್ತು ಯೂರೇ ಎಂಬ ಎರಡು ಊರುಗಳ ನಡುವೆ ಅದು ಪರ್ವತದ ಎದೆಯನ್ನು ಕೊರೆದುಕೊಂಡು ಸಾಗುತ್ತದೆ. ಒಂದು ಪಕ್ಕಕ್ಕೆ ಪ್ರಪಾತ; ಹಲವೆಡೆ ಅಂಚಿನಲ್ಲಿ ತಡೆಗೋಡೆಯೂ ಇಲ್ಲ. ಚಳಿಗಾಲದಲ್ಲಿ ಮೇಲಿನ ಇಳಿಜಾರುಗಳಿಂದ ಹಿಮದ ರಾಶಿ ಕುಸಿದು ಬೀಳುತ್ತದೆ. ಆಗ ಯಂತ್ರಗಳಲ್ಲಿ ಕುಳಿತು ಹಿಮವನ್ನು ನೂಕಿ ರಸ್ತೆಯನ್ನು ತೆರೆದಿಡುವ ಕಾರ್ಮಿಕರಿದ್ದಾರೆ. 1970, 1978 ಮತ್ತು 1992ರಲ್ಲಿ ಹೀಗೆ ಕೆಲಸದಲ್ಲಿದ್ದ ಮೂವರು ಹಿಮದ ಕುಸಿತಕ್ಕೆ ಸಿಲುಕಿ ತೀರಿಕೊಂಡರು. ರಸ್ತೆಯ ಬದಿಯಲ್ಲಿ ಅವರ ಹೆಸರಿನ ಸ್ಮಾರಕವಿದೆ. ಬೇಸಗೆಯಲ್ಲಿ ಬರುವ ಪ್ರವಾಸಿಗರು ಅದನ್ನು ಓದುವುದೂ ಉಂಟು, ಓದದೆ ಮುಂದೆ ಹೋಗುವುದೂ ಉಂಟು. ಆ ಮೂವರ ಸಾವಿಗೆ ಪ್ರವಾಸಿಗರೇ ಕಾರಣವೆಂದರೆ ಅನ್ಯಾಯವಾಗುತ್ತದೆ. ಆ ಊರುಗಳ ಜನರಿಗೆ ಆಸ್ಪತ್ರೆಗೂ ಸಂತೆಗೂ ಅದೇ ದಾರಿ. ಆದರೆ ಒಂದು ರಸ್ತೆ ಸುಮ್ಮನೆ ತೆರೆದಿರುವುದಿಲ್ಲ, ಯಾರೋ ತೆರೆದಿಟ್ಟಿರುತ್ತಾರೆ. ಒಬ್ಬನ ವಿನೋದದ ಸಂಚಾರಕ್ಕೆ ಇನ್ನೊಬ್ಬನ ಅಪಾಯದ ಸಂಚಾರ ಆಧಾರವಾಗಿರುತ್ತದೆ. ‘ಅಲೆಯಿಸುವುದು’ ಎಂಬ ಮಾತಿಗೆ ಇಷ್ಟು ವ್ಯಾಪ್ತಿಯಿದೆ.

ಅಚೌರ್ಯದ ಮಾತೂ ಇಲ್ಲಿ ಬರುತ್ತದೆ. ನವಾಹೊ ಸೀಮೆಯ ಕ್ಯಾನ್ಯನ್ ಡಿ ಶೇ ಎಂಬ ಕಮರಿ 1931ರಿಂದ ರಾಷ್ಟ್ರೀಯ ಸ್ಮಾರಕವಾಗಿದ್ದರೂ ಅದರ ನೆಲ ನವಾಹೊ ಜನರದೇ. ಅಲ್ಲಿ ಇಂದಿಗೂ ಕುಟುಂಬಗಳು ಬೇಸಾಯ ಮಾಡಿಕೊಂಡಿವೆ. ತಳಕ್ಕೆ ಇಳಿಯಬೇಕಾದರೆ ಅವರವರೇ ಆದ ಮಾರ್ಗದರ್ಶಿಯ ಜೊತೆ ಇಳಿಯಬೇಕು. 1864ರಲ್ಲಿ ಸೇನೆಯ ಬಲದಿಂದ ಆ ನೆಲದಿಂದ ನಡೆಸಲ್ಪಟ್ಟು, 1868ರಲ್ಲಿ ಹಿಂದಿರುಗಿದ ಜನರ ಮಕ್ಕಳು ಮೊಮ್ಮಕ್ಕಳು ‘ಕೇಳಿ ಬನ್ನಿ’ ಎಂದರೆ ಅದು ಬರಿಯ ಪ್ರವಾಸಿ ನಿಯಮವಲ್ಲ. ಅಂಗಳಕ್ಕೆ ಕಾಲಿಡುವ ಮೊದಲು ಅನುಮತಿ ಬೇಡುವ ಮುನಿಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನೋಡುವುದರಲ್ಲಿ ಪುಣ್ಯದ ಅಂಶವೇ ಇಲ್ಲವೆಂದರೆ ಅದು ಪಕ್ಷಪಾತ. ಜಗತ್ತಿನ ಮತ್ತು ದೇಹದ ಸ್ವಭಾವವನ್ನು ಚಿಂತಿಸುವುದರಿಂದ ಸಂವೇಗ ವೈರಾಗ್ಯಗಳು ಹುಟ್ಟುತ್ತವೆಂದು ಉಮಾಸ್ವಾಮಿಗಳೇ ಹೇಳುತ್ತಾರೆ. ಮೋಆಬ್ ಬಳಿಯ ಆರ್ಚಸ್ ಉದ್ಯಾನದಲ್ಲಿ ವಾಲ್ ಆರ್ಚ್ ಎಂಬ ದೊಡ್ಡ ಕಲ್ಲಿನ ಕಮಾನಿತ್ತು. 2008ರ ಆಗಸ್ಟ್‌ನ ಒಂದು ರಾತ್ರಿ, ಯಾರೂ ಕಾಣದ ಹೊತ್ತಿನಲ್ಲಿ, ಅದು ಕುಸಿಯಿತು. ಹಿಂದಿನ ದಿನ ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಂಡವರೂ ಇದ್ದಿರಬೇಕು. ಅನಿತ್ಯಾನುಪ್ರೇಕ್ಷೆಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಅಂಥ ಕಲ್ಲಿನ ಮುಂದೆ ಕ್ಷಣಕಾಲ ಮಾತು ಮರೆತು ನಿಂತವನ ಮನಸ್ಸನ್ನು ಭೋಗವೆಂದು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸಂವೇಗವೂ ರಾಗವೂ ಒಂದೇ ಕಣ್ಣಿನ ಬಾಗಿಲಿನಿಂದ ಬರುತ್ತವೆ; ಬಂದಾಗ ಎರಡರ ಮುಖವೂ ಒಂದೇ. ಬೇರ್ಪಡಿಸುವುದಕ್ಕೆ ನಾಲ್ಕನೆಯ ಅತಿಚಾರವೇ ಒರೆಗಲ್ಲು. ಒಂದು ಕಮಾನನ್ನು ಕಂಡ ಮನಸ್ಸು ತಣಿದು ಕುಳಿತರೆ ಅದು ಸಂವೇಗ. ಕಂಡ ಕೂಡಲೆ ‘ಇನ್ನೊಂದು ಎಷ್ಟು ದೂರ’ ಎಂದು ಕೇಳಿದರೆ ಅದು ಕ್ಷೇತ್ರವೃದ್ಧಿ. ಪೂಜ್ಯಪಾದರು ಅದಕ್ಕೆ ಲೋಭವನ್ನೇ ಕಾರಣವಾಗಿ ಹೇಳಿರುವುದು ಗಮನಾರ್ಹ. ವಾರದಲ್ಲಿ ಐದು ಉದ್ಯಾನಗಳನ್ನು ಮುಗಿಸುವ ಪ್ರವಾಸದಲ್ಲಿ ಮನಸ್ಸು ಎಲ್ಲಿ ಕುಳಿತೀತು?

ಇನ್ನು ಆ ತಾಯಿಯ ವಿಷಯ. ಅವರ ನಿರಾಕರಣೆಯಿಂದ ಮಕ್ಕಳ ರಜೆ ಕೆಟ್ಟರೆ, ಸೊಸೆ ಮೊಮ್ಮಕ್ಕಳ ಮನಸ್ಸು ನೊಂದರೆ ಅದೂ ಹಿಂಸೆಯಲ್ಲವೇ ಎಂಬ ಮಾತು ಬರುತ್ತದೆ. ವ್ರತವು ತನಗೆ ತಾನು ಹಾಕಿಕೊಂಡ ಕಟ್ಟು. ಇನ್ನೊಬ್ಬರನ್ನು ಕಟ್ಟುವ ಹಗ್ಗವಾಗಬಾರದು ಎಂಬುದು ಸರಿಯೇ. ಆದ್ದರಿಂದ ಅವರು, “ನೀವು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ,” ಎನ್ನುತ್ತಾರೆ. ಮಗ, “ಅವ್ವಾ, ಹಂಗಾರ ಅಲ್ಲಿಂದ ಫೋನಿನ್ಯಾಗ ಎಲ್ಲಾ ತೋರಸ್ತೀನಿ,” ಎಂದು ಸಮಾಧಾನ ಹೇಳುತ್ತಾನೆ. ಇಲ್ಲಿ ಶಾಸ್ತ್ರ ಬಲ್ಲವರು ಮುಗುಳ್ನಗಬಹುದು. ದೇಶವ್ರತದ ಅತಿಚಾರಗಳಲ್ಲಿ ಮಿತಿಯ ಆಚೆಯಿಂದ ವಸ್ತು ತರಿಸುವುದು, ಆಳನ್ನು ಕಳಿಸುವುದು, ದನಿಯಿಂದ ಸೂಚಿಸುವುದು, ರೂಪವನ್ನು ತೋರಿ ಸೂಚಿಸುವುದು, ಹೆಂಟೆಯನ್ನೆಸೆದು ಸೂಚಿಸುವುದು, ಈ ಐದೂ ಇವೆ. ಕುಳಿತಲ್ಲಿಂದಲೇ ‘ಫೋನು ಆ ಕಡೆ ತಿರುಗಿಸು, ಒಂದು ಕೆಂಪು ಕಲ್ಲು ತಾ’ ಎಂದರೆ ಆ ಪಟ್ಟಿಯಲ್ಲಿ ಎಷ್ಟು ಸೇರುತ್ತವೆ! (ಉದ್ಯಾನಗಳಿಂದ ಕಲ್ಲು ತರುವುದು ಅಲ್ಲಿನ ಕಾನೂನಿಗೂ ವಿರುದ್ಧ.) ಇವು ಕಾಲಮಿತಿಯ ದೇಶವ್ರತಕ್ಕೆ ಹೇಳಿದವು, ಯಾವಜ್ಜೀವದ ದಿಗ್ವ್ರತಕ್ಕೆ ನೇರವಾಗಿ ಸಲ್ಲವು ಎಂಬುದು ನಿಜ. ಆದರೂ ಆಚಾರ್ಯರಿಗೆ ಮನುಷ್ಯನ ಮನಸ್ಸಿನ ಪರಿಚಯ ಎಷ್ಟಿತ್ತೆಂಬುದು ತಿಳಿಯುತ್ತದೆ.

ಕಡೆಗೆ ಮಗ ಭೂಪಟವನ್ನು ಮತ್ತೊಮ್ಮೆ ಹರಡುತ್ತಾನೆ. ಗಡಿಯ ಈಚೆಗೆ, ಕ್ಯಾಲಿಫೋರ್ನಿಯದೊಳಗೇ, ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿನ ಉಪ್ಪಿನ ತಗ್ಗಿರುವ ಡೆತ್ ವ್ಯಾಲಿ ಇದೆ. ಅದರ ಅಂಚಿನಲ್ಲಿ ಹೊನ್ನಿನ ಬಣ್ಣದ ಕಮರಿಗಳಿವೆ. ಪಶ್ಚಿಮಕ್ಕೆ ಸಿಯೆರಾ ಪರ್ವತಗಳಲ್ಲಿ 9,943 ಅಡಿಯ ಟಯೋಗ ಘಾಟಿ ಇದೆ. ಅಕ್ಟೋಬರ್ ತಿಂಗಳಾದರೆ ಕೆಳಗೆ ಬಿಸಿಲಿನ ಉರಿ ತಗ್ಗಿರುತ್ತದೆ, ಮೇಲೆ ಹಿಮ ಸಾಮಾನ್ಯವಾಗಿ ದಾರಿ ಮುಚ್ಚಿರುವುದಿಲ್ಲ. ಕೊಲರಾಡೊ ನದಿಯ ಆಚೆಗೆ ಹಣ ಕಟ್ಟಿದ್ದ ವಸತಿಗಳನ್ನು ಬಿಡಬೇಕಾಯಿತು. ಕೆಲವು ಹಣ ಹಿಂದಿರುಗಲಿಲ್ಲ. ಎಲ್ಲರೂ ಹೊರಟರು. ಪ್ರತಿದಿನ ಬೆಳಿಗ್ಗೆ ತಾಯಿ, ಇವತ್ತು ಇಲ್ಲಿಂದ ಇಲ್ಲಿಯವರೆಗೆ ಎಂದು ದೇಶವ್ರತವನ್ನೂ ತೆಗೆದುಕೊಳ್ಳುತ್ತಿದ್ದರು. ಅದನ್ನು ಕೇಳಿ ಕೇಳಿ ಮೊಮ್ಮಗನೇ ದಿನದ ಕಡೆಯ ಊರಿನ ಹೆಸರನ್ನು ಮೊದಲೇ ಹೇಳತೊಡಗಿದ. ಬೆಟ್ಟಗಳ ನಡುವೆ ಸೂರ್ಯ ಬೇಗ ಮರೆಯಾಗುವುದರಿಂದ ಊಟದ ಹೊತ್ತಿನ ವಿಷಯದಲ್ಲಿ ಮಾತ್ರ ಸ್ವಲ್ಪ ಜಿಜ್ಞಾಸೆ ನಡೆಯಿತು. ಗೋಡೆಯಂಥ ಬೆಟ್ಟದ ಹಿಂದೆ ಸರಿದುದು ಅಸ್ತಮಾನವೇ ಅಲ್ಲವೇ ಎಂದು ಮೊಮ್ಮಗ ಕೇಳಿದ. ಸಂಶಯವಿದ್ದ ಕಡೆ ಮೊದಲೇ ಉಂಡರಾಯಿತು ಎಂದು ಅಜ್ಜಿ ತೀರ್ಮಾನಿಸಿದರು.

ಡೆತ್ ವ್ಯಾಲಿಯಿಂದ ಈಶಾನ್ಯಕ್ಕೆ ಏರುವ ರಸ್ತೆ ಡೇಲೈಟ್ ಎಂಬ ಘಾಟಿಯನ್ನು ಮುಟ್ಟುತ್ತದೆ. ಅದರಾಚೆಯ ಇಳಿಜಾರಿನಲ್ಲಿ ನೆವಾಡ ರಾಜ್ಯ. ಸ್ವಲ್ಪವೇ ದೂರದಲ್ಲಿ, 1905ರ ಸುಮಾರಿಗೆ ಚಿನ್ನದ ಆಸೆಯಿಂದ ಎದ್ದು 1920ರ ಹೊತ್ತಿಗೆ ಬರಿದಾದ ರಯೋಲೈಟ್ ಎಂಬ ಪಾಳು ಪಟ್ಟಣವಿದೆ. ಪ್ರವಾಸಿಗರು ತಪ್ಪದೆ ನೋಡುವ ಸ್ಥಳ. ಮಗ ಘಾಟಿಯ ಮೇಲೆ ಕಾರನ್ನು ನಿಲ್ಲಿಸಿದ. ಇನ್ನು ಕೆಲವೇ ಮೈಲಿ ಎಂಬ ಮಾತು ಅವನ ಬಾಯಿಗೆ ಬಂದಿತ್ತು. ತಾಯಿ ಇಳಿದು, ರಸ್ತೆಯ ಅಂಚಿನ ಸವೆದ ನೆಲದ ಮೇಲೆಯೇ ನಿಂತು, ಆಚೆಯ ಬಯಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈಮುಗಿದು ಬಂದು ಕಾರಿನಲ್ಲಿ ಕುಳಿತರು. ಮಗ ಏನೂ ಹೇಳದೆ ಕಾರನ್ನು ಬಂದ ದಾರಿಗೇ ತಿರುಗಿಸಿದ.